ಕಾರಹುಣ್ಣಿಮೆಗೆ ಮುಂಚೆ: ಚರ್ಮಗಂಟು ರೋಗವನ್ನು ದೇಶ ಎದುರಿಸಿದ ಬಗೆ

ಹರಡುತ್ತಿರುವ ವೈರಾಣುವೊಂದನ್ನು ಒಂದು ದೇಶ ಹೇಗೆ ಎದುರಿಸುತ್ತದೆ ಎಂಬುದನ್ನು ಅರಿಯಲು ರಾಜಧಾನಿಯಿಂದ ಹೊರಟ ಸುತ್ತೋಲೆಗಳನ್ನು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧವನ್ನು ಆ ಸುತ್ತೋಲೆ ತಲುಪಬೇಕಾದ ಕೊನೆಯ ದನದ ಕೊಟ್ಟಿಗೆಯಲ್ಲಿ ಹುಡುಕಬೇಕಾಗುತ್ತದೆ. 2022ರಲ್ಲಿ ದೇಶದ ದನಕರುಗಳನ್ನು ಕಾಡಿದ ಚರ್ಮಗಂಟು ರೋಗದ ವಿಷಯದಲ್ಲಿ ಇಂಥ ಹುಡುಕಾಟಕ್ಕೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಿಗಿಂತ ತಕ್ಕ ನೆಲ ಸಿಗುವುದು ಕಷ್ಟ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಲ್ಲುವ ಘಟಪ್ರಭೆಯ ನೀರು ಕಾಲುವೆಗಳಲ್ಲಿ ಹರಿದು ಗೋಕಾಕ, ಮೂಡಲಗಿಗಳ ಹೊಲಗಳಲ್ಲಿ ಕಬ್ಬಾಗಿ, ಗೋವಿನಜೋಳವಾಗಿ ಬೆಳೆಯುತ್ತದೆ. ಕಬ್ಬಿನ ಸೋಗೆ, ಜೋಳದ ಕಣಿಕೆಗಳು ಕೊಟ್ಟಿಗೆಗೆ ಬಂದು ಹಾಲಾಗುತ್ತವೆ. ಒಂದೇ ಊರಿನಲ್ಲಿ ಬೇಸಾಯಕ್ಕೆ ಖಿಲಾರಿ ಎತ್ತು, ಹೈನಿಗೆ ಜರ್ಸಿ ಮತ್ತು ಎಚ್.ಎಫ್. ಆಕಳು, ಜೊತೆಗೆ ಎಮ್ಮೆ ಇರುವ ಈ ಸೀಮೆಯ ಪಶ್ಚಿಮದ ಅಂಚಿಗೆ ಮಹಾರಾಷ್ಟ್ರದ ಗಡಹಿಂಗ್ಲಜ ತಾಲ್ಲೂಕು ತಾಗಿಕೊಂಡಿದೆ, ಸಂಕೇಶ್ವರವನ್ನು ಹಾಯ್ದು 48ನೇ ರಾಷ್ಟ್ರೀಯ ಹೆದ್ದಾರಿ ಸಾಗುತ್ತದೆ. ಎರಡು ರಾಜ್ಯಗಳ ಗಡಿ ಭೂಪಟದಲ್ಲಿ ಎದ್ದು ಕಂಡರೂ ನೊಣಕ್ಕೆ, ಸಂತೆಗೆ ಹೋಗುವ ಎತ್ತಿಗೆ ಅದು ಒಂದೇ ನೆಲ.

ಈ ರೋಗಕ್ಕೆ ಕಾರಣವಾದ ವೈರಾಣು ಸಿಡುಬಿನ ವೈರಾಣುಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು, ಆ ಕುಟುಂಬದೊಳಗೆ ಕುರಿ ಸಿಡುಬು ಮತ್ತು ಮೇಕೆ ಸಿಡುಬಿನ ವೈರಾಣುಗಳು ಇದರ ಒಡಹುಟ್ಟಿದವುಗಳೆನ್ನುವಷ್ಟು ಹತ್ತಿರದವು. ಕೊರೊನಾ ವೈರಾಣುವಿನ ತಳಿಗುಣ ಆರ್‌ಎನ್‌ಎ ಎಂಬ ಒಂಟಿ ಎಳೆಯಲ್ಲಿ ಬರೆದಿದ್ದರೆ, ಇದರದು ಸುಮಾರು ಒಂದೂವರೆ ಲಕ್ಷ ಅಕ್ಷರಜೋಡಿಗಳಿರುವ, ಎರಡೆಳೆಯ ಡಿಎನ್‌ಎಯಲ್ಲಿ ಬರೆದಿರುತ್ತದೆ. ಆದ್ದರಿಂದಲೇ ಇದು ಗಾತ್ರದಲ್ಲಿ ದೊಡ್ಡದು, ಬದಲಾಗುವುದರಲ್ಲಿ ನಿಧಾನ. ಸೋಂಕು ತಗುಲಿದ ದನಕ್ಕೆ ಸಾಮಾನ್ಯವಾಗಿ 4ರಿಂದ 14 ದಿನಗಳೊಳಗೆ ಜ್ವರ ಬರುತ್ತದೆ, ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ಕಣ್ಣು ಮೂಗುಗಳಲ್ಲಿ ನೀರಿಳಿಯುತ್ತದೆ. ಬಳಿಕ ಕುತ್ತಿಗೆ, ಬೆನ್ನು, ಕೆಚ್ಚಲುಗಳ ಮೇಲೆ 2ರಿಂದ 5 ಸೆಂಟಿಮೀಟರ್ ಅಗಲದ ಗಟ್ಟಿ ಗಂಟುಗಳೇಳುತ್ತವೆ, ಕೆಲವು ಒಡೆದು ಹುಣ್ಣಾಗುತ್ತವೆ, ಕಾಲು ಬಾತು ದನ ಮೇಲೇಳದಂತಾಗುತ್ತದೆ. ಸೋಂಕಿದವುಗಳಲ್ಲಿ ಸಾಯುವವು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆದರೆ ಬದುಕುಳಿದ ಆಕಳಿನ ಹಾಲು ಇಳಿಯುತ್ತದೆ, ಗಬ್ಬದ ಆಕಳು ಕಂದು ಹಾಕುತ್ತದೆ, ಎತ್ತು ಬಿತ್ತನೆಯ ಹೊತ್ತಿಗೆ ನೊಗಕ್ಕೆ ಬಾರದಾಗುತ್ತದೆ; ಹೀಗಾಗಿ ಸಾವಿನ ಲೆಕ್ಕವೊಂದನ್ನೇ ನೋಡಿ ಈ ರೋಗದ ಭಾರವನ್ನು ಅಳೆಯುವುದು ತಪ್ಪು. ಮನುಷ್ಯರಿಗೆ ಇದು ಅಂಟುವುದಿಲ್ಲ, ಕಾಯಿಸಿದ ಹಾಲನ್ನು ಕುಡಿಯಲು ಯಾವ ಅಂಜಿಕೆಯೂ ಬೇಕಿಲ್ಲ.

ವೈರಾಣು ಒಂದು ದನದಿಂದ ಇನ್ನೊಂದಕ್ಕೆ ದಾಟುವ ರೀತಿಯಲ್ಲೇ ದೇಶವೊಂದು ಎದುರಿಸಬೇಕಾದ ಕಷ್ಟದ ಬೇರಿದೆ. ಮಲೇರಿಯಾದ ಪರೋಪಜೀವಿ ಸೊಳ್ಳೆಯ ಒಡಲಲ್ಲಿ ಬೆಳೆದು ಮಾಗಿದ ಮೇಲೆ ಮುಂದಿನ ದೇಹವನ್ನು ಸೇರುತ್ತದೆ. ಚರ್ಮಗಂಟಿನ ವೈರಾಣುವಿಗೆ ಕೀಟದೊಳಗೆ ಹಾಗೆ ಬೆಳೆಯುವ ಅಗತ್ಯವೇ ಇಲ್ಲ. ಕಚ್ಚುವ ನೊಣ ಗಂಟಿನ ಮೇಲೆ ಕೂತು ರಕ್ತ ಹೀರುವಾಗ ಅದರ ಬಾಯಿಗೆ ವೈರಾಣು ಮೆತ್ತಿಕೊಳ್ಳುತ್ತದೆ, ಕಚ್ಚಿದ ನೋವಿಗೆ ದನ ಬಾಲ ಬೀಸಿ ಚರ್ಮ ನಡುಗಿಸಿದಾಗ ನೊಣ ಹೊಟ್ಟೆ ತುಂಬದೆ ಎದ್ದು ಪಕ್ಕದ ದನದ ಮೇಲೆ ಕೂತು ಊಟ ಮುಂದುವರಿಸುತ್ತದೆ, ಆಗ ಬಾಯಿಗೆ ಮೆತ್ತಿದ್ದು ಅಲ್ಲಿಗೆ ಇಳಿಯುತ್ತದೆ. ಬಳಸಿದ ಸೂಜಿಯನ್ನೇ ಮತ್ತೊಂದು ಮೈಗೆ ಚುಚ್ಚಿದಂತೆ ನಡೆಯುವ ಇದಕ್ಕೆ ಯಾಂತ್ರಿಕ ಪ್ರಸರಣ ಎಂದು ಹೆಸರು. ಕಚ್ಚುವ ನೊಣದ ಜೊತೆಗೆ ಈಡಿಸ್ ಸೊಳ್ಳೆ ಮತ್ತು ಕೆಲವು ಬಗೆಯ ಉಣ್ಣೆಗಳೂ ಈ ಕೆಲಸ ಮಾಡಬಲ್ಲವೆಂಬುದು ಪ್ರಯೋಗಗಳಿಂದ ತಿಳಿದಿದೆ. ಒಣಗಿದ ಹಕ್ಕಳೆಯಲ್ಲಿ, ಅಂದರೆ ಗಾಯದ ಮೇಲೆ ಕಟ್ಟುವ ಪೊರೆಯಲ್ಲಿ, ವೈರಾಣು ಒಂದು ತಿಂಗಳಿಗೂ ಮಿಕ್ಕಿ ಬದುಕಿರುತ್ತದೆ. ಕಚ್ಚುವ ನೊಣ ಮೊಟ್ಟೆಯಿಡುವುದು ಗಂಜಲ ಬೆರೆತು ಕೊಳೆಯುವ ಹುಲ್ಲು ಸಗಣಿಗಳಲ್ಲಿ. ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕದಲ್ಲೇ ತಿಪ್ಪೆ ನೆನೆಯುತ್ತಿರುವ ಊರಿನಲ್ಲಿ ವೈರಾಣುವಿಗೆ ಬೇಕಾದ ವಾಹನ ಮನೆ ಬಾಗಿಲಲ್ಲೇ ಹುಟ್ಟುತ್ತಿರುತ್ತದೆ.

ಆದರೂ ನೊಣ ತನ್ನ ರೆಕ್ಕೆಯ ಬಲದಲ್ಲಿ ರೋಗವನ್ನು ಒಯ್ಯುವುದು ಹತ್ತಿರದ ಕೊಟ್ಟಿಗೆಗಳಿಗೆ. ನೂರಾರು ಕಿಲೋಮೀಟರ್ ದೂರಕ್ಕೆ ಅದನ್ನು ಸಾಗಿಸುವವನು ಮನುಷ್ಯ, ಲಾರಿಯಲ್ಲಿ ದನ ಹೇರಿಕೊಂಡು. 1929ರಲ್ಲಿ ಆಫ್ರಿಕಾದ ಈಗಿನ ಜಾಂಬಿಯಾದಲ್ಲಿ ಮೊದಲು ಗುರುತಿಸಿದಾಗ ಇದನ್ನು ವಿಷಪ್ರಾಶನವೆಂದೋ ಕೀಟದ ಕಡಿತಕ್ಕೆ ಮೈ ತೋರಿದ ಅಲರ್ಜಿಯೆಂದೋ ಭಾವಿಸಲಾಗಿತ್ತು. ಅಂಟುರೋಗವೆಂದು ಖಚಿತವಾಗುವಷ್ಟರಲ್ಲಿ ಅದು ದಕ್ಷಿಣ ಆಫ್ರಿಕಾಕ್ಕೆ ಇಳಿದಿತ್ತು. 1944ರಿಂದ 1949ರವರೆಗೆ ಅಲ್ಲಿ ಸುಮಾರು 80 ಲಕ್ಷ ದನಗಳು ನರಳಿದವು. ಅನಂತರ ಈಜಿಪ್ಟ್, ಇಸ್ರೇಲ್, ತುರ್ಕಿ, ಬಾಲ್ಕನ್ ದೇಶಗಳನ್ನು ಮುಟ್ಟಿ, 2019ರ ಜುಲೈಯಲ್ಲಿ ಬಾಂಗ್ಲಾದೇಶದಲ್ಲಿ, ಆಗಸ್ಟ್‌ನಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. ಮರುವರ್ಷವೇ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಮೈಮೇಲೆ ಗಂಟೆದ್ದ ದನಗಳು ವರದಿಯಾದರೂ ಆಗಿನ ಅಲೆ ಅಷ್ಟು ಕ್ರೂರವಾಗಿರಲಿಲ್ಲ, ಜನರ ಗಮನವೆಲ್ಲ ಕೋವಿಡ್ ಮೇಲಿತ್ತು. ಗುಜರಾತ್, ರಾಜಸ್ಥಾನಗಳಿಂದ ಎದ್ದ 2022ರ ಅಲೆ ಬೇರೆಯೇ ಸ್ವರೂಪದ್ದಾಗಿತ್ತು: ಆ ಒಂದು ವರ್ಷದಲ್ಲಿ ದೇಶದಲ್ಲಿ ಸತ್ತ ದನಗಳ ಸಂಖ್ಯೆ ಒಂದೂವರೆ ಲಕ್ಷವನ್ನು ದಾಟಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅಲೆ ಮಹಾರಾಷ್ಟ್ರವನ್ನು ಹಾಯ್ದು ಹಾವೇರಿ, ಗದಗ, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ತೀವ್ರವಾಯಿತು.

ಇಂಥ ಅಲೆಯನ್ನು ಎದುರಿಸಲು ಭಾರತದ ಕೈಯಲ್ಲಿ ಒಂದು ಕಾನೂನಿದೆ. 1896ರ ಮುಂಬಯಿ ಪ್ಲೇಗಿನ ಬೆನ್ನಲ್ಲೇ, ಬೆಳಗಾವಿಯೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಮನುಷ್ಯರ ಸಾಂಕ್ರಾಮಿಕಗಳಿಗಾಗಿ 1897ರ ಕಾಯ್ದೆ ಬಂದಿತ್ತು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂದದ್ದು 2009ರಲ್ಲಿ. ರೋಗಪೀಡಿತ ಪ್ರದೇಶವನ್ನು ಘೋಷಿಸುವ, ಅಲ್ಲಿಂದ ದನಗಳ ಸಾಗಾಟವನ್ನು ನಿಲ್ಲಿಸುವ, ಸಂತೆ ಜಾತ್ರೆಗಳನ್ನು ತಡೆಯುವ, ಲಸಿಕೆಯನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಆ ಕಾಯ್ದೆ ಸರ್ಕಾರಕ್ಕೆ ಕೊಡುತ್ತದೆ. ಆದರೆ ಇವೆಲ್ಲಕ್ಕೂ ಮೊದಲು ಅದು ಒಂದು ಸರಳ ಕರ್ತವ್ಯವನ್ನು ಹೇಳುತ್ತದೆ: ದನಕ್ಕೆ ಅಂಟುರೋಗ ತಗುಲಿದೆ ಎಂಬ ಅನುಮಾನ ಬಂದ ಕೂಡಲೇ ಅದರ ಒಡೆಯ ಗ್ರಾಮದ ಅಧಿಕಾರಿಗೆ ಇಲ್ಲವೇ ಪಂಚಾಯಿತಿಗೆ ತಿಳಿಸಬೇಕು, ಅವರು ಹತ್ತಿರದ ಪಶುವೈದ್ಯರಿಗೆ ಬರೆದು ಕಳಿಸಬೇಕು. ಭೋಪಾಲದ ಉನ್ನತ ಸುರಕ್ಷತೆಯ ಪಶುರೋಗ ಸಂಸ್ಥೆಯಾಗಲಿ, ಬೆಂಗಳೂರು ಹೆಬ್ಬಾಳದ ಪ್ರಾಣಿ ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಾಗಲಿ, ಯಲಹಂಕದಲ್ಲಿ ರೋಗಗಳ ಹರಡುವಿಕೆಯನ್ನು ಮುಂಗಂಡು ಎಚ್ಚರಿಸುವ ರಾಷ್ಟ್ರೀಯ ಸಂಸ್ಥೆಯಾಗಲಿ ಕೆಲಸ ಆರಂಭಿಸುವುದು ಊರಿನಿಂದ ಈ ಮೊದಲ ಮಾತು ಹೊರಟ ಮೇಲೆ. ಹಕ್ಕಳೆಯ ಚೂರು ಅಥವಾ ರಕ್ತದ ಮಾದರಿಯಲ್ಲಿ ವೈರಾಣುವಿನ ಡಿಎನ್‌ಎ ತುಣುಕನ್ನು ಲಕ್ಷಾಂತರ ಪ್ರತಿಗಳಾಗಿ ಹಿಗ್ಗಿಸಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯನ್ನು, ಕೋವಿಡ್ ಕಾಲದಲ್ಲಿ ಮನೆಮಾತಾದ ಅದೇ ಪರೀಕ್ಷೆಯನ್ನು, ಇಲ್ಲೂ ಬಳಸುತ್ತಾರೆ.

ಪ್ರಯೋಗಾಲಯಗಳು ಇನ್ನೊಂದು ಪ್ರಶ್ನೆಗೂ ಉತ್ತರ ಹುಡುಕಿದವು: 2019ರ ವೈರಾಣು ಸೌಮ್ಯವಾಗಿದ್ದು 2022ರದು ಏಕೆ ಇಷ್ಟು ಕೊಂದಿತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ತಾತು ಅವರ ತಂಡ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಮಾದರಿಗಳಿಂದ ವೈರಾಣುವಿನ ತಳಿಗುಣವನ್ನು ಪೂರ್ತಿಯಾಗಿ ಓದಿ, ದೇಶದಲ್ಲಿ ಎರಡು ಬಗೆಗಳು ಒಟ್ಟಿಗೆ ಸುತ್ತುತ್ತಿದ್ದುದನ್ನು ಕಂಡುಕೊಂಡಿತು. ಅವುಗಳಲ್ಲಿ ಒಂದರಲ್ಲಿ ಮಾರ್ಪಾಡುಗಳು ವಿಪರೀತವಾಗಿದ್ದು, ಅದು 2015ರಲ್ಲಿ ರಷ್ಯಾದಲ್ಲಿ ಕಂಡ ವೈರಾಣುವನ್ನು ಹೋಲುತ್ತಿತ್ತು. 2024ರಲ್ಲಿ ಪ್ರಕಟವಾದ ಈ ಅಧ್ಯಯನ 1,800ಕ್ಕೂ ಹೆಚ್ಚು ತಳಿ ವ್ಯತ್ಯಾಸಗಳನ್ನು ಪಟ್ಟಿಮಾಡಿತು. ನಿಧಾನವಾಗಿ ಬದಲಾಗುವ ಕುಟುಂಬದ ವೈರಾಣುವನ್ನೂ ಒಮ್ಮೆ ಓದಿ ಮುಚ್ಚಿಡುವಂತಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರೋಗ ದೃಢಪಟ್ಟ ಬಳಿಕ ಜಿಲ್ಲಾಡಳಿತಗಳು ಮೊದಲು ಕೈಹಾಕಿದ್ದು ದನದ ಸಂತೆಗಳ ಮೇಲೆ. ಬೆಳಗಾವಿಯೂ ಸೇರಿದಂತೆ ರೋಗ ಹರಡಿದ ಜಿಲ್ಲೆಗಳಲ್ಲಿ ದನಗಳ ಸಂತೆ, ಜಾತ್ರೆ, ಸಾಗಾಟಗಳನ್ನು ನಿಷೇಧಿಸಲಾಯಿತು. ಕೋವಿಡ್ ತಡೆಗೆ 2020ರ ಮಾರ್ಚ್‌ನಲ್ಲಿ ಜನರನ್ನು ಮನೆಯೊಳಗಿರಿಸಿದ್ದಕ್ಕೂ ಇದಕ್ಕೂ ತತ್ವ ಒಂದೇ, ಸೋಂಕಿದ ದೇಹ ಮತ್ತು ಸೋಂಕದ ದೇಹ ಒಂದೆಡೆ ಸೇರುವ ಅವಕಾಶಗಳನ್ನು ಕಡಿದುಹಾಕುವುದು. ಸಂತೆ ಎಂಬುದು ಹತ್ತಾರು ಊರುಗಳ ದನಗಳು ಒಂದೇ ಮುಂಜಾನೆ ಒಂದೇ ಬಯಲಿನಲ್ಲಿ ನಿಂತು, ಸಂಜೆಗೆ ಬೇರೆ ಹತ್ತಾರು ಊರುಗಳಿಗೆ ಚದುರುವ ಜಾಗವಾದ್ದರಿಂದ ವೈರಾಣುವಿನ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಕೂಡುದಾರಿ ಬೇರಿಲ್ಲ. ಆದರೆ ಈ ಸೀಮೆಯಲ್ಲಿ ದನಗಳು ಚಲಿಸುವುದು ಸಂತೆಗಷ್ಟೇ ಅಲ್ಲ. ಮಳೆಗಾಲ ಕಳೆದ ಮೇಲೆ ಕಬ್ಬು ನುರಿಸುವ ಹಂಗಾಮು ಆರಂಭವಾದಾಗ ಕಬ್ಬು ಕಡಿಯುವ ತಂಡಗಳು ಎತ್ತಿನ ಗಾಡಿಗಳೊಂದಿಗೆ ದೂರದೂರದಿಂದ ಬಂದು ಕಾರ್ಖಾನೆಗಳ ಸುತ್ತ ಬೀಡುಬಿಡುತ್ತವೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಎರಡೂ ರಾಜ್ಯಗಳ ಭಕ್ತರು ಗಾಡಿ ಕಟ್ಟಿಕೊಂಡು ಹೊರಡುತ್ತಾರೆ. ಸಂತೆಯ ಬಾಗಿಲು ಮುಚ್ಚುವುದು ಒಂದು ಆದೇಶದಿಂದ ಆಗುವ ಕೆಲಸ. ಗಾಡಿ ಎತ್ತಿನ ಓಡಾಟವನ್ನು ಹಾಗೆ ನಿಲ್ಲಿಸಲಾಗದು, ಏಕೆಂದರೆ ಅದರ ಹಿಂದೆ ಒಂದು ಕುಟುಂಬದ ಆರು ತಿಂಗಳ ಅನ್ನವಿರುತ್ತದೆ. ಗಡಿ ಜಿಲ್ಲೆಗಳಿಗೆ ನಿಷೇಧವನ್ನು ಯೋಜಿಸುವವರು ಗಾಡಿ ಎತ್ತುಗಳಿಗೆ ಹಂಗಾಮಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಎರಡೂ ರಾಜ್ಯಗಳ ಒಪ್ಪಂದದಿಂದ ಮಾಡಬೇಕಿತ್ತು. ಮುಂದಿನ ಅಲೆಗಾದರೂ ಅದು ಸಿದ್ಧವಿರಬೇಕು.

ರೋಗ ಕಂಡ ದನಗಳನ್ನೂ ಅವುಗಳೊಂದಿಗೆ ಇದ್ದವನ್ನೂ ಕೊಂದು ಹೂಳುವುದು ಹಲವು ದೇಶಗಳಲ್ಲಿ ರೂಢಿಯಲ್ಲಿರುವ ಕ್ರಮ. 1989ರಲ್ಲಿ ಇಸ್ರೇಲ್ ಈ ರೋಗವನ್ನು ಮೊಳಕೆಯಲ್ಲಿ ಚಿವುಟಿದ್ದು ಹಾಗೆಯೇ. ಎತ್ತನ್ನು ಬಸವಣ್ಣನೆಂದು ಪೂಜಿಸುವ, ಒಂದೆರಡು ಆಕಳೇ ಮನೆಯ ಆಸ್ತಿಯಾಗಿರುವ ನಾಡಿನಲ್ಲಿ ಅಂಥ ಕ್ರಮ ಮನಸ್ಸಿಗೆ ಒಗ್ಗದು. ಅದು ವಿಜ್ಞಾನದ ದೃಷ್ಟಿಯಿಂದಲೂ ಅನಿವಾರ್ಯವಲ್ಲ ಎಂಬುದು ಬಾಲ್ಕನ್ ದೇಶಗಳ ಅನುಭವದಿಂದ ಸಾಬೀತಾಗಿದೆ. 2016ರಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಡೆ ರೋಗ ಕಾಣಿಸಿಕೊಂಡಿತ್ತು. ಸಾಮೂಹಿಕ ಲಸಿಕೆಯ ಬಳಿಕ 2017ರಲ್ಲಿ ಆ ಸಂಖ್ಯೆ ಶೇ 95ರಷ್ಟು ಕುಸಿಯಿತು. ಪ್ರಯೋಗಕ್ಕಾಗಿ ಸೋಂಕು ತಗುಲಿಸಿದ ದನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರ ಮೈಮೇಲೆ ಗಂಟುಗಳೇ ಏಳುವುದಿಲ್ಲ, ಆದರೂ ಅವುಗಳ ರಕ್ತದಲ್ಲಿ ವೈರಾಣು ಇರಬಲ್ಲದು. ಕಣ್ಣಿಗೆ ಕಾಣುವ ರೋಗಿಯನ್ನಷ್ಟೇ ತೆಗೆದುಹಾಕುವ ಯಾವ ಉಪಾಯವೂ ಸಾಲದೆ ಹೋಗುವುದು ಇದರಿಂದಾಗಿ.

ಭಾರತ ನೆಚ್ಚಿದ್ದು ಲಸಿಕೆಯನ್ನು. ಅಲೆ ಎದ್ದಾಗ ಚರ್ಮಗಂಟು ರೋಗಕ್ಕೆಂದೇ ತಯಾರಾದ ಲಸಿಕೆ ದೇಶದ ಮಾರುಕಟ್ಟೆಯಲ್ಲಿರಲಿಲ್ಲವಾದ್ದರಿಂದ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡಲು ತೀರ್ಮಾನಿಸಲಾಯಿತು. ಎರಡೂ ವೈರಾಣುಗಳ ತಳಿಗುಣ ನೂರಕ್ಕೆ 96ರಿಂದ 97ರಷ್ಟು ಒಂದೇ ಆಗಿರುವುದರಿಂದ, ದುರ್ಬಲಗೊಳಿಸಿದ ಮೇಕೆ ಸಿಡುಬಿನ ವೈರಾಣುವನ್ನು ಕಂಡು ಪಳಗಿದ ದನದ ಮೈ ಚರ್ಮಗಂಟಿನ ವೈರಾಣುವನ್ನೂ ಶತ್ರುವೆಂದು ಗುರುತಿಸುತ್ತದೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ಆಕಳ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆದದ್ದು ಇದೇ ತತ್ವದ ಮೇಲೆ. ಅಂದು ಮನುಷ್ಯನಿಗೆ ಆಕಳು ಕೊಟ್ಟದ್ದನ್ನು ಎರಡು ಶತಮಾನಗಳ ಮೇಲೆ ಆಕಳಿಗೆ ಮೇಕೆ ಕೊಟ್ಟಿತು. ಈ ನಡುವೆ ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮತ್ತು ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಗಳು 2019ರಲ್ಲಿ ರಾಂಚಿಯ ದನಗಳಿಂದ ಪಡೆದ ವೈರಾಣುವನ್ನು ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಕಸುವು ತಗ್ಗಿಸಿ, ಲಂಪಿ ಪ್ರೊವ್ಯಾಕ್‌ಇಂಡ್ ಎಂಬ ಲಸಿಕೆಯನ್ನು ರೂಪಿಸಿದವು. 2022ರ ಆಗಸ್ಟ್ 10ರಂದು ಅದನ್ನು ದೇಶದ ಮುಂದಿಡಲಾಯಿತು. ಆದರೆ ಲಸಿಕೆಯನ್ನು ಕಂಡುಹಿಡಿಯುವುದು ಬೇರೆ, ಕೋಟಿಗಟ್ಟಲೆ ದನಗಳಿಗೆ ಅದನ್ನು ತಯಾರಿಸುವುದು ಬೇರೆ. ಕೋಲಾರ ಜಿಲ್ಲೆಯ ಮಾಲೂರಿನ ಬಯೊವೆಟ್ ಕಂಪನಿ ಆ ತಂತ್ರಜ್ಞಾನದಿಂದ ತಯಾರಿಸಿದ ಲಸಿಕೆಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ದೊರೆತದ್ದು 2025ರ ಫೆಬ್ರುವರಿಯಲ್ಲಿ, ಅಂದರೆ ಎರಡೂವರೆ ವರ್ಷಗಳ ಬಳಿಕ.

ಎಷ್ಟು ದನಗಳಿಗೆ ಲಸಿಕೆ ಹಾಕಿದರೆ ಸಾಕು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಯಾವ ರಕ್ಷಣೆಯೂ ಇಲ್ಲದ ಹಿಂಡಿನಲ್ಲಿ ಒಂದು ಸೋಂಕಿದ ದನ ಸರಾಸರಿ ಎಷ್ಟಕ್ಕೆ ಸೋಂಕು ದಾಟಿಸುತ್ತದೋ ಅದು ಆ ರೋಗದ ಮೂಲ ಪ್ರಸರಣ ಸಂಖ್ಯೆ. ಅದು 3 ಎಂದು ಭಾವಿಸಿದರೆ, ಆ ಮೂರರಲ್ಲಿ ಎರಡಕ್ಕೆ ರೋಗನಿರೋಧಕ ಶಕ್ತಿ ಇದ್ದಾಗ ಒಂದು ದನ ಒಂದಕ್ಕೆ ಮಾತ್ರ ದಾಟಿಸುತ್ತದೆ, ರೋಗ ಬೆಳೆಯದೆ ನಿಲ್ಲುತ್ತದೆ. ಇದನ್ನೇ ಹಿಂಡಿನ ನಿರೋಧಕತೆ ಎನ್ನುತ್ತಾರೆ. ಲಸಿಕೆ ನೂರರಲ್ಲಿ 80 ದನಗಳಲ್ಲಿ ಮಾತ್ರ ಫಲಿಸುತ್ತದೆ ಎಂದಿಟ್ಟುಕೊಂಡರೆ ನೂರರಲ್ಲಿ 84ಕ್ಕೆ ಸೂಜಿ ಚುಚ್ಚಬೇಕಾಗುತ್ತದೆ. ಊರಿನ ನೂರು ದನಗಳಲ್ಲಿ ಹದಿನಾರಕ್ಕಿಂತ ಹೆಚ್ಚು ತಪ್ಪಿಸಿಕೊಂಡರೆ ಉಳಿದವಕ್ಕೆ ಹಾಕಿದ ಶ್ರಮವೂ ಪೂರ್ತಿ ಕೈಗೂಡದು. ತಪ್ಪಿಸಿಕೊಳ್ಳುವುದಕ್ಕೆ ಕಾರಣಗಳಿವೆ: ಲಸಿಕೆ ಹಾಕಿಸಿದ ಕೆಲವು ದಿನ ಹಾಲು ತುಸು ಇಳಿಯಬಹುದು, ಗಬ್ಬದ ಆಕಳಿಗೆ ಏನಾದರೂ ಆದೀತೆಂಬ ಭಯ ಇರುತ್ತದೆ. ಇವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಹಾಲಿನ ಬಟವಾಡೆಯನ್ನೇ ನಂಬಿದ ಮನೆಗೆ ನಾಲ್ಕು ದಿನದ ಹಾಲೂ ಲೆಕ್ಕಕ್ಕೆ ಬರುತ್ತದೆ, ಆ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ವೈದ್ಯರು ಮಾತನಾಡಬೇಕು. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲಗಳ ಉಂಡೆಯಂಥ ಮದ್ದುಗಳನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೂ ಸೂಚಿಸಿತ್ತು. ಅವು ನರಳುವ ದನಕ್ಕೆ ಆರೈಕೆಯಾದಾವು, ಆದರೆ ಲಸಿಕೆಯ ಜಾಗವನ್ನು ತುಂಬಲಾರವು.

ಇಡೀ ಪ್ರತಿಕ್ರಮದಲ್ಲಿ ಅತ್ಯಂತ ಕಡಿಮೆ ಅರ್ಥವಾದ ಅಂಗ ಪರಿಹಾರಧನ. ಕರ್ನಾಟಕ ಸರ್ಕಾರ ಈ ರೋಗದಿಂದ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಘೋಷಿಸಿತು. ಹಾಲು ಕರೆಯುವ ಎಚ್.ಎಫ್. ಆಕಳಿನ ಸಂತೆಯ ಬೆಲೆ ಇದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಇದು ನಷ್ಟವನ್ನು ತುಂಬಿಕೊಟ್ಟಿತೆಂದು ಯಾರೂ ಹೇಳಲಾರರು. ಆದರೆ ಪರಿಹಾರವನ್ನು ದಯೆಯ ಬಾಬತ್ತಿಗೆ ಸೇರಿಸಿ ನೋಡುವುದೇ ಮೂಲದ ತಪ್ಪು. ಸಾಂಕ್ರಾಮಿಕದ ಕಾಲದಲ್ಲಿ ಅದು ರೋಗಪತ್ತೆಯ ಸಾಧನ. ರೋಗವನ್ನು ತಿಳಿಸಿದರೆ ಸಂತೆ ಮುಚ್ಚುತ್ತದೆ, ಹಾಲು ಕೊಳ್ಳುವವರು ಹಿಂಜರಿಯುತ್ತಾರೆ ಎಂಬುದಷ್ಟೇ ರೈತನಿಗೆ ಗೊತ್ತಿದ್ದರೆ, ಗಂಟು ಏಳುವ ಮೊದಲೇ ಜ್ವರ ಬಂದ ದನವನ್ನು ಮಾರಿ ಕೈತೊಳೆದುಕೊಳ್ಳುವ ಒತ್ತಡ ಹುಟ್ಟುತ್ತದೆ, ಆ ದನದ ಜೊತೆ ವೈರಾಣುವೂ ಇನ್ನೊಂದು ತಾಲ್ಲೂಕಿಗೆ ಹೊರಡುತ್ತದೆ. ತಿಳಿಸಿದರೆ ವೈದ್ಯರು ಬರುತ್ತಾರೆ, ಸತ್ತರೆ ಕೈಗೆ ಹಣ ಬೇಗ ಸೇರುತ್ತದೆ ಎಂಬ ನಂಬಿಕೆ ಇದ್ದಲ್ಲಿ ಮೊದಲ ಮಾತು ಮೊದಲ ದಿನವೇ ಹೊರಡುತ್ತದೆ. ಪರಿಹಾರದ ಮೊತ್ತಕ್ಕಿಂತ ಅದು ತಲುಪುವ ವೇಗ ಮುಖ್ಯವಾಗುವುದು ಈ ಕಾರಣಕ್ಕೆ. ದನದ ಕಿವಿಗೆ ಹಾಕುವ 12 ಅಂಕಿಯ ಓಲೆ, ಅಂದರೆ ಪ್ರತಿ ದನದ ಗುರುತಿನ ಸಂಖ್ಯೆ, ಲಸಿಕೆಯ ದಾಖಲೆಯನ್ನೂ ಪರಿಹಾರದ ಅರ್ಜಿಯನ್ನೂ ಒಂದೇ ಎಳೆಯಲ್ಲಿ ಪೋಣಿಸಬಲ್ಲದು. ಅದನ್ನು ಹಾಗೆ ಪೂರ್ತಿಯಾಗಿ ದುಡಿಸಿಕೊಳ್ಳುವುದೇ ಮುಂದಿನ ಕೆಲಸ.

ಲಸಿಕೆಯಿಂದ ಇಂಥ ರೋಗವನ್ನು ಮಣಿಸುವುದು ಕೈಗೂಡದ ಕನಸಲ್ಲ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿ ಇದೆ. ಹಳ್ಳಿಯ ಹಿರಿಯರು ದೊಡ್ಡರೋಗವೆಂದು ಕರೆಯುತ್ತಿದ್ದ, ಊರಿಗೆ ಊರೇ ಕೊಟ್ಟಿಗೆ ಬರಿದು ಮಾಡುತ್ತಿದ್ದ ದನಗಳ ಮಾರಿಯೂ ವೈರಾಣುವಿನಿಂದಲೇ ಬರುತ್ತಿತ್ತು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭಿಸಿದ ಭಾರತ ಹಳ್ಳಿಹಳ್ಳಿಗೂ ಲಸಿಕೆ ಒಯ್ದು, 1995ರ ಬಳಿಕ ಒಂದು ಪ್ರಕರಣವನ್ನೂ ಕಾಣದೆ, 2006ರಲ್ಲಿ ರೋಗಮುಕ್ತ ದೇಶವೆಂಬ ಮನ್ನಣೆ ಪಡೆಯಿತು. 2011ರಲ್ಲಿ ಆ ರೋಗ ಭೂಮಿಯ ಮೇಲಿಂದಲೇ ಅಳಿದುಹೋಗಿದೆ ಎಂದು ಘೋಷಿಸಲಾಯಿತು. ದೊಡ್ಡರೋಗದ ಲಸಿಕೆ ಒಮ್ಮೆ ಹಾಕಿದರೆ ಬಹುಕಾಲ ಕಾಯುತ್ತಿತ್ತು, ಅದನ್ನು ಹೊತ್ತು ತಿರುಗುವ ನೊಣವೂ ಇರಲಿಲ್ಲ. ಚರ್ಮಗಂಟು ರೋಗಕ್ಕೆ ವರ್ಷಕ್ಕೊಮ್ಮೆ ಲಸಿಕೆ ಬೇಕು, ನೊಣವನ್ನು ಪೂರ್ತಿ ನಿವಾರಿಸುವಂತಿಲ್ಲ. ಆದ್ದರಿಂದ ಗೆಲುವು ತಡವಾಗಿ ಬರಬಹುದು, ಮಾರ್ಗ ಮಾತ್ರ ಅದೇ.

ಲಸಿಕೆಯಿಂದ ರಕ್ಷಣೆ ಮೂಡಲು ಸುಮಾರು ಮೂರು ವಾರ ಹಿಡಿಯುತ್ತದೆ. ರೋಗ ಊರಿಗೆ ಬಂದ ಮೇಲೆ ಹಾಕಿದ ಲಸಿಕೆ ವೈರಾಣುವಿನ ಹಿಂದೆ ಓಡುತ್ತಿರುತ್ತದೆ. ಕಚ್ಚುವ ನೊಣ, ಸೊಳ್ಳೆಗಳು ಹೆಚ್ಚುವುದು ಮುಂಗಾರಿನ ಮೊದಲ ಮಳೆಗಳ ನಂತರ. ಉತ್ತರ ಕರ್ನಾಟಕದಲ್ಲಿ ಆ ಹೊತ್ತಿಗೇ ಬರುವ ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯಲು ಓಡಿಸುತ್ತಾರೆ. ಊರಿನ ಎತ್ತುಗಳೆಲ್ಲ ಒಂದೆಡೆ ಕೂಡುವ ದಿನವದು. ಹಾಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲ್ಲೂಕುಗಳಲ್ಲಿ ಲಸಿಕೆಗೆ ತಕ್ಕ ಕಾಲ ಯುಗಾದಿಯಿಂದ ಬಸವ ಜಯಂತಿಯವರೆಗಿನ ಬೇಸಿಗೆ. ದನ ಸಾಕುವ ಪ್ರತಿ ಮನೆಯೂ ಆ ದಿನಗಳಲ್ಲಿ ಎತ್ತು, ಆಕಳು, ಕರುಗಳಿಗೆ ತಪ್ಪದೆ ಲಸಿಕೆ ಹಾಕಿಸಲಿ, ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಸರಿಸಲಿ. ದನದ ಮೈ ಬಿಸಿಯಾಗಿ ಚರ್ಮದ ಮೇಲೆ ಮೊದಲ ಗಂಟು ಕಂಡ ದಿನವೇ ಅದನ್ನು ಬೇರೆ ಕಟ್ಟಿ, 1962 ಸಂಖ್ಯೆಗೆ ಕರೆ ಮಾಡಲಿ ಅಥವಾ ಊರಿನ ಪಶು ಆಸ್ಪತ್ರೆಗೆ ತಿಳಿಸಲಿ.